ತಳದ ಅನ್ನ

ಹೊಸ ಊರಿಗೆ ಬಂದ ಮೂರನೇ ತಿಂಗಳಿಗೆ ಅಜ್ಜಿಯ ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಅಜ್ಜಿ ಅದನ್ನೂ ತಮಾಷೆ ಮಾಡಿದಳು. "ನೋಡೇ, ಆಗ ಸೋಪು ಹಚ್ಚಿ ತೊಡಿಸಿದ್ರು. ಈಗ ಕರೆದ್ರೆ ತಾವೇ ಎದ್ದು ಬರ್ತವೆ."

ಮೊಮ್ಮಗಳಿಗೆ ನಗು ಬರಲಿಲ್ಲ. ಕೆಲಸ ಸಿಕ್ಕಿದಾಗ ಹಟ ಹಿಡಿದು ಅಜ್ಜಿಯನ್ನು ಜೊತೆಗೆ ಕರೆತಂದವಳು ಅವಳೇ. ಊರಲ್ಲಿದ್ದ ಸೋದರಮಾವನಿಗೆ ಆಗಲೇ ಮನಸ್ಸಿರಲಿಲ್ಲ. ಈಗಂತೂ ಪ್ರತಿ ಭಾನುವಾರ ಫೋನಿನಲ್ಲಿ ಅದೇ ಪಲ್ಲವಿ: "ಅಮ್ಮ ಏನು ತಿಂದ್ಲು? ಅಷ್ಟೇನಾ? ಈ ತಿಂಗಳ ಕೊನೇ ಭಾನುವಾರ ನಾನೇ ಬರ್ತೀನಮ್ಮ. ಹೀಗೇ ಇದ್ರೆ ಕರ್ಕೊಂಡು ಹೊರಟೆ, ಅಷ್ಟೆ." ಮಾವನ ಮಾತು ತಪ್ಪೆಂದು ಹೇಳುವಂತಿರಲಿಲ್ಲ. ಆದರೆ ಇಡೀ ದಿನದಲ್ಲಿ ಅವಳು ಬಾಯಿ ಬಿಟ್ಟು ಮಾತಾಡುತ್ತಿದ್ದುದು ಅಜ್ಜಿಯೊಬ್ಬಳ ಹತ್ತಿರ ಮಾತ್ರ. ಅಜ್ಜಿ ಹೋದರೆ ಆ ಬಾಡಿಗೆ ಕೋಣೆಯಲ್ಲಿ ಉಳಿಯುವುದು ಫ್ಯಾನಿನ ಕಿರಿಕಿರಿ ಸದ್ದೊಂದೇ.

ಅವಳ ಕೆಲಸ ಬೀಜ ಪರೀಕ್ಷೆಯ ಪ್ರಯೋಗಾಲಯದಲ್ಲಿ. ಒದ್ದೆ ಕಾಗದದ ಮೇಲೆ ನೂರು ಬೀಜ ಸಾಲಾಗಿ ಇಡುವುದು, ಸುರುಳಿ ಸುತ್ತುವುದು, ಏಳನೇ ದಿನ ಬಿಚ್ಚಿ ಎಷ್ಟು ಮೊಳೆತಿವೆ ಎಂದು ನೋಡುವುದು. ಬೀಜಗಳು ಮಾತಾಡುವುದಿಲ್ಲ, ಮಾತಾಡು ಎಂದು ಪೀಡಿಸುವುದೂ ಇಲ್ಲ. ಅವಳಿಗೆ ಹೇಳಿ ಮಾಡಿಸಿದಂಥ ಕೆಲಸ. ಸಂಜೆ ಅದನ್ನು ಮುಗಿಸಿ ಅಂಗಡಿ ಅಂಗಡಿ ಅಲೆಯುವಳು. ಇಲ್ಲಿಯ ಅಕ್ಕಿಯೆಲ್ಲ ಬೆಳ್ಳಗೆ, ಉದ್ದಕ್ಕೆ, ಸೊಂಟ ಬಳುಕಿಸಿಕೊಂಡು ನಿಂತ ಹಾಗೆ. ಮೂರು ಬೀದಿ ಸುತ್ತಿದ ಮೇಲೆ ಮೂಟೆಗಳ ಹಿಂದೆ ಕೂತಿದ್ದ ಮುದುಕನೊಬ್ಬ ಊರ ಮನೆಯಲ್ಲಿ ಇವರು ಉಣ್ಣುತ್ತಿದ್ದಂಥ ದಪ್ಪಕ್ಕಿ ತೆಗೆದುಕೊಟ್ಟ. ಬಹಳ ಹುಳಿ ಬಂದ ಮೊಸರು ಬೇಕೆಂದು ಕೇಳಿದರೆ ಹಾಲಿನಂಗಡಿಯವಳು ಅನುಮಾನದಿಂದ ನೋಡಿ, ಹಿಂದಿನ ದಿನದ್ದನ್ನು ಪುಕ್ಕಟೆ ಕೊಟ್ಟುಬಿಟ್ಟಳು. ಅವರನ್ನೆಲ್ಲ ಅವಳು ಮನಸ್ಸಿನಲ್ಲೇ ಹರಸಿದಳು. ಮಾತು ಮಾತ್ರ ಬಾಯಿಗೆ ಬರಲಿಲ್ಲ.

ಅಜ್ಜಿಗೆ ಬಡಿಸುವಾಗ ಮೇಲ್ಮೇಲಿನ ಮೆತ್ತನೆ ಅನ್ನ, ಅದರ ಮೇಲೆ ತುಪ್ಪ. ಜೀವಮಾನವಿಡೀ ಎಲ್ಲರಿಗೂ ಬಡಿಸಿ ಕೊನೆಗೆ ಉಂಡವಳು. ಇನ್ನಾದರೂ ಒಳ್ಳೆಯದನ್ನು ತಿನ್ನಲಿ. ಅಜ್ಜಿ ಎರಡು ತುತ್ತು ತಿಂದು, "ಹೊಟ್ಟೆ ತುಂಬ್ತು ಪುಟ್ಟಿ" ಎಂದು ತಟ್ಟೆ ಸರಿಸುವಳು. ಡಾಕ್ಟರು ನೋಡಿ, ಕಾಯಿಲೆ ಏನಿಲ್ಲ, ರುಚಿ ಅನ್ನಿಸಿದ್ದನ್ನು ತಿನ್ನಲಿ ಎಂದಿದ್ದರು. ಯಾವುದು ರುಚಿ ಎಂದು ಕೇಳಿದರೆ ಅಜ್ಜಿ ಹೇಳಿದರೆ ತಾನೆ!

ಅದು ಗೊತ್ತಾದದ್ದು ಒಂದು ರಜೆಯ ಮಧ್ಯಾಹ್ನ. ಕೆಳಗಿನ ಮನೆಯಲ್ಲಿ ಯಾರೋ ಒಲೆ ಮರೆತಿದ್ದರು. ಮೆಟ್ಟಿಲ ಮೇಲೆಲ್ಲ ಸೀದ ಅನ್ನದ ವಾಸನೆ. ಮಲಗಿದ್ದ ಅಜ್ಜಿ ಎದ್ದು ಬಂದು ಕಿಟಕಿಯ ಸರಳು ಹಿಡಿದು ನಿಂತಳು.

"ಯಾರದ್ದೋ ತಳ ಹತ್ತಿದೆ," ಎಂದು ಎಂಜಲು ನುಂಗಿದಳು.

"ಬೇಕಾ ಅಜ್ಜಿ ನಿನಗೆ?"

"ಅಯ್ಯೋ ಸುಮ್ನಿರು. ಸೀದಿದ್ದನ್ನ ಯಾರಾದ್ರೂ ಬೇಕು ಅಂತಾರಾ?"

ಆದರೆ ಆ ಗಂಟಲು ಸುಳ್ಳು ಹೇಳಿರಲಿಲ್ಲ. ಊರಿನಲ್ಲಿ ಮನೆಮಂದಿಯೆಲ್ಲ ಉಂಡೆದ್ದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ಅಜ್ಜಿಯೊಬ್ಬಳೇ ಕೂತು, ಪಾತ್ರೆಯ ತಳಕ್ಕೆ ಅಂಟಿದ ಕೆಂಪು ಅನ್ನಕ್ಕೆ ಬಿಸಿನೀರು ಹೊಯ್ದು, ಉಪ್ಪು ಮಜ್ಜಿಗೆ ಬೆರೆಸಿ ಉಣ್ಣುತ್ತಿದ್ದುದು ಮೊಮ್ಮಗಳ ಕಣ್ಣಿಗೆ ಕಟ್ಟಿತು.

ಕೋಣೆಯಲ್ಲಿದ್ದದ್ದು ಕರೆಂಟಿನ ಕುಕ್ಕರು. ಅನ್ನವಾದ ಕೂಡಲೇ ಟಕ್ಕೆಂದು ತಾನೇ ಆರುವ ಮಹಾ ಶಿಸ್ತಿನದು. ಗ್ಯಾಸ್ ಇಡಕೂಡದೆಂದು ಮನೆಯ ಯಜಮಾನಿಯ ಕಟ್ಟಪ್ಪಣೆ. ಅವಳು ಗುಂಡಿ ಮೇಲೇಳದಂತೆ ಚಮಚ ಸಿಕ್ಕಿಸಿ ನೋಡಿದಳು. ಅನ್ನ ಇದ್ದಿಲಾಯಿತು, ಹೊಗೆಗೆ ಯಜಮಾನಿ ಏದುಸಿರು ಬಿಡುತ್ತ ಮಹಡಿ ಹತ್ತಿ ಬಂದಳು. ಹೋಟೆಲುಗಳಲ್ಲಿ ಕೇಳಬಹುದಿತ್ತು. ಕೇಳುವುದು ಹೇಗೆ? ನಿಮ್ಮಲ್ಲಿ ಸೀದದ್ದು ಏನಿದೆ ಎಂದೇ?

ಉಳಿದದ್ದು ಪ್ರಯೋಗಾಲಯದ ಕ್ಯಾಂಟೀನು. ಅಲ್ಲಿಯ ಅಡುಗೆಯವರಿಗೆ ಎಲ್ಲರೂ ಇಟ್ಟ ಹೆಸರು ಮೇಜರ್. ಸೌಟು ಹಿಡಿದು ಅವರು ಗದರಿದರೆ ಸಾಲು ತಾನಾಗಿ ನೆಟ್ಟಗಾಗುತ್ತಿತ್ತು. ಮಾತಿಲ್ಲದೆ ತಟ್ಟೆ ಚಾಚುವ ಇವಳನ್ನು ಅವರು ಕರೆಯುತ್ತಿದ್ದುದು ಮೌನಗೌರಿ ಎಂದು. ಕೈ ತೊಳೆಯುವಲ್ಲಿ ಒಂದು ಸಲಹೆ ಪೆಟ್ಟಿಗೆ ನೇತಾಡುತ್ತಿತ್ತು. ಎರಡು ದಿನ ಯೋಚಿಸಿ ಅವಳು ಅದರೊಳಗೆ ಚೀಟಿ ಹಾಕಿದಳು: 'ತಳ ಹತ್ತಿದ ಅನ್ನ ಸಿಗಬಹುದೇ?' ಹೆಸರು ಬರೆಯಲು ಧೈರ್ಯ ಬರಲಿಲ್ಲ.

ಮರುದಿನ ಊಟದ ಹೊತ್ತಿಗೆ ಮೇಜರ್ ಆ ಚೀಟಿ ಹಿಡಿದು ಹೊರಗೇ ಬಂದರು.

"ಯಾರಪ್ಪಾ ಈ ಮಹಾನುಭಾವರು? ಮೂವತ್ತು ವರ್ಷ! ಮೂವತ್ತು ವರ್ಷದಲ್ಲಿ ನನ್ನ ಕೈಯಲ್ಲಿ ಒಂದೇ ಒಂದು ದಿನ ತಳ ಹತ್ತಿಲ್ಲ. ಅಣಕಿಸೋದಾದ್ರೆ ಎದುರಿಗೆ ಬಂದು ಅಣಕಿಸಿ!"

ಎಲ್ಲರೂ ಗೊಳ್ಳೆಂದು ನಕ್ಕರು. ಅವಳ ಕಿವಿ ಬಿಸಿಯಾಯಿತು. ತಲೆ ತಗ್ಗಿಸಿ ಉಂಡು ಹೋದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಕೊನೆಯ ಭಾನುವಾರಕ್ಕೆ ಇನ್ನು ಎಂಟೇ ದಿನ. ಅವಳು ಎದ್ದು ನಿಂತಳು.

"ನಾನು... ಅಣಕ ಅಲ್ಲ. ನಮ್ಮಜ್ಜಿಗೆ. ಅವರು ಏನೂ ತಿಂತಿಲ್ಲ. ಅದೊಂದು ತಿನ್ನಬಹುದೇನೋ ಅಂತ."

ಮೇಜರ್ ಚೀಟಿ ನೋಡಿದರು, ಅವಳನ್ನು ನೋಡಿದರು. "ಓಹೋ, ಮೌನಗೌರಿ ಬಾಯಿ ಬಿಟ್ರೆ ಇದಾ ಕೇಳೋದು!" ಎಂದವರು, ಹತ್ತಿರ ಬಂದು ದನಿ ಇಳಿಸಿದರು. "ಎಷ್ಟು ವಯಸ್ಸಮ್ಮ ಅವರಿಗೆ?"

"ಎಪ್ಪತ್ತೆಂಟು."

"ಸೋಮವಾರ ನೋಡೋಣ."

ಹೇಳಿದಷ್ಟು ಸುಲಭವಾಗಿರಲಿಲ್ಲ ಅದು. ದಪ್ಪ ತಳದ ಚಿಕ್ಕ ಪಾತ್ರೆಯೊಂದನ್ನು ಬೇರೆಯೇ ಇಟ್ಟರೂ, ಸೋಮವಾರ ಮೇಜರ್ ಅಭ್ಯಾಸಬಲದಿಂದ ಹೊತ್ತಿಗೆ ಸರಿಯಾಗಿ ಇಳಿಸಿಬಿಟ್ಟರು. ಅನ್ನ ಮಲ್ಲಿಗೆಯಂತಾಗಿತ್ತು. ಮಂಗಳವಾರ ಹಟಕ್ಕೆ ಬಿದ್ದು ಉರಿ ಏರಿಸಿ ಕರಕು ಮಾಡಿದರು. ಬುಧವಾರ ಸಾರಿನ ಗಡಿಬಿಡಿಯ ನಡುವೆಯೂ ಕೈ ತಾನಾಗಿ ಹೋಗಿ ಒಲೆ ಆರಿಸಿತ್ತು.

"ಅಯ್ಯೋ, ಹಾಳು ಮಾಡೋದಕ್ಕೂ ಇಷ್ಟು ಕಷ್ಟ ಇದೆ ಅಂತ ಗೊತ್ತಿರ್ಲಿಲ್ಲ ಕಣಮ್ಮಾ!"

ಗುರುವಾರ ಅವಳು ಹೋದಾಗ ಮೇಜರ್ ಅಡುಗೆಮನೆಯ ಹೊರಗೆ, ಗೋಡೆಗೆ ಮುಖ ಮಾಡಿ ಕೈಕಟ್ಟಿ ನಿಂತಿದ್ದರು. "ಒಳಗಿದ್ರೆ ಕೈ ಸುಮ್ನಿರಲ್ಲ," ಎಂದರು. ಸ್ವಲ್ಪ ಹೊತ್ತಿನಲ್ಲಿ ಆ ವಾಸನೆ ಬಂತು. ಸೀದದ್ದಲ್ಲ, ಹುರಿದದ್ದೂ ಅಲ್ಲ, ಎರಡರ ಮಧ್ಯದ್ದು. ಮೇಲಿನ ಅನ್ನ ತೆಗೆದು, ಕೆಂಪಗೆ ತಳ ಕಚ್ಚಿದ್ದನ್ನು ಹಾಗೇ ಬಿಟ್ಟು ಮುಚ್ಚಳ ಹಾಕಿದರು. "ಕೆರೆದ್ರೆ ಹಾಳಾಗತ್ತೆ. ಪಾತ್ರೆ ಸಮೇತ ತಗೊಂಡ್ಹೋಗು."

ಬಸ್ಸಿನಲ್ಲಿ ಅವಳು ಆ ಪಾತ್ರೆಯನ್ನು ದುಪ್ಪಟ್ಟಾದಲ್ಲಿ ಸುತ್ತಿ, ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡಳು. ಪಕ್ಕದವರು ಮೂಗು ಅರಳಿಸಿ ಅತ್ತಿತ್ತ ನೋಡಿದರು.

ಅಜ್ಜಿ ಮುಚ್ಚಳ ತೆಗೆದಳು. ಬಿಸಿನೀರು ಹೊಯ್ದು, ಮುಚ್ಚಿ, ಕಾಲು ಚಾಚಿ ಕಾದಳು. ಆಮೇಲೆ ಉಪ್ಪು, ಹುಳಿ ಮಜ್ಜಿಗೆ. ಬೆರಳಿನಿಂದ ತಳ ಬಿಡಿಸಿ ಬಿಡಿಸಿ ತಿಂದಳು, ಕೊನೆಗೆ ಪಾತ್ರೆಯೆತ್ತಿ ಕುಡಿದಳು.

"ನಾಳೆನೂ ಕೊಡ್ತಾರಾ?" ಎಂದಳು ಅಜ್ಜಿ, ಸಣ್ಣ ದನಿಯಲ್ಲಿ.

ಶುಕ್ರವಾರ ಕೊಟ್ಟರು, ಶನಿವಾರವೂ ಕೊಟ್ಟರು. ಹೊಟ್ಟೆ ಒಮ್ಮೆ ತೆರೆದುಕೊಂಡದ್ದೇ ತಡ, ಅಜ್ಜಿ ಬೆಳಿಗ್ಗೆ ತಿಂಡಿಯನ್ನೂ ಕೇಳಿದಳು.

ಭಾನುವಾರ ಮಾವ ಬಂದ. ಅಜ್ಜಿಯ ಬಟ್ಟೆ ತುಂಬಲೆಂದು ಖಾಲಿ ಚೀಲವನ್ನೂ ತಂದಿದ್ದ. ಅಜ್ಜಿ ಆಗ ತಾನೆ ಹಿಂದಿನ ದಿನದ ಪಾತ್ರೆಯಲ್ಲಿ ಉಳಿಸಿಕೊಂಡಿದ್ದನ್ನು ನೆನೆಸಿ ಉಣ್ಣುತ್ತ ಕೂತಿದ್ದಳು. ಮಾವನ ಮುಖ ಬಾಡಿತು.

"ಏನಮ್ಮಾ ಇದು! ಇಲ್ಲೂ ನಿನಗೆ ತಳದ್ದೇ ಗತಿಯಾ? ನಾವೆಲ್ಲ ಮೇಲಿಂದು ತಿಂದು ನಿನಗೆ ಸೀದಿದ್ದು ಬಿಡ್ತಿದ್ವಲ್ಲ, ಇವತ್ತಿಗೂ ನನಗೆ ಅದು ನೆನಪಾದ್ರೆ ಅನ್ನ ಇಳಿಯಲ್ಲ, ಗೊತ್ತಾ?"

ಅಜ್ಜಿ ಬಾಯಿ ಒರೆಸಿಕೊಂಡು ಮಗನನ್ನೇ ನೋಡಿದಳು. ಆಮೇಲೆ ನಗತೊಡಗಿದಳು. ಭುಜ ಕುಣಿಯಿತು, ಬಳೆ ಕುಣಿದವು.

"ಲೋ ಪೆದ್ದಾ, ಪಾತ್ರೆಯಲ್ಲಿ ಎಲ್ಲಕ್ಕಿಂತ ರುಚಿ ಇದೇ ಕಣೋ! ನೀವೆಲ್ಲ ಪಾಪ ಅಮ್ಮ, ಪಾಪ ಅಮ್ಮ ಅಂತಿದ್ರಿ. ನಾನೂ ಸುಮ್ನಿದ್ದೆ. ಹೇಳಿದ್ರೆ ನಿಮಗೂ ಪಾಲು ಕೊಡಬೇಕಾಗ್ತಿತ್ತಲ್ಲ!"

ಮೊಮ್ಮಗಳು ಬಾಯಿ ತೆರೆದುಕೊಂಡು ಕೂತಳು. ಮೂರು ತಿಂಗಳು ತಾನು ಮೇಲಿನದನ್ನೇ ಆರಿಸಿ ಆರಿಸಿ ಬಡಿಸಿದ್ದೆನಲ್ಲ!

ಮಾವ ಪಾತ್ರೆಗೆ ಕೈ ಹಾಕಿದ. ಅಜ್ಜಿ ತಳದಿಂದ ಒಂದು ಚೂರು ಬಿಡಿಸಿ ಅವನ ಅಂಗೈಗೆ ಹಾಕಿದಳು. "ಅಷ್ಟೇ." ಅವನು ಅಗಿದ, ಕಣ್ಣು ಒರೆಸಿಕೊಂಡ, ಮತ್ತೆ ಅಂಗೈ ಚಾಚಿದ. ಸಿಗಲಿಲ್ಲ. ಸಂಜೆ ಅವನು ಖಾಲಿ ಚೀಲ ಮಡಚಿಕೊಂಡು ಒಬ್ಬನೇ ಬಸ್ಸು ಹತ್ತಿದ.

ಸೋಮವಾರ ಅಜ್ಜಿ ಪಾತ್ರೆಯನ್ನು ಕನ್ನಡಿಯಂತೆ ಉಜ್ಜಿ ಕೊಟ್ಟಳು, ಜೊತೆಗೆ ಒಂದು ಮಾತನ್ನೂ ಕಳಿಸಿದಳು. ಧನ್ಯವಾದ ಹೇಳುವುದನ್ನು ಮೊಮ್ಮಗಳು ದಾರಿಯುದ್ದಕ್ಕೂ ಹತ್ತು ಸಲ ಬಾಯಿಪಾಠ ಮಾಡಿದ್ದಳು. ಕ್ಯಾಂಟೀನಿನ ಕಟ್ಟೆಯೆದುರು ನಿಂತಾಗ, ಹಿಂದೆ ಅಷ್ಟುದ್ದ ಸಾಲಿದ್ದರೂ, ಬಾಯಿಗೆ ಬಂದದ್ದು ಅಜ್ಜಿಯ ಮಾತೇ.

"ಮೇಜರ್, ಅಜ್ಜಿ ಊಟ ಮಾಡ್ತಿದಾರೆ. ಇಲ್ಲೇ ಇರ್ತಾರೆ. ಆದ್ರೆ ನೀವು ಒಂದು ನಿಮಿಷ ಬೇಗ ಇಳಿಸ್ತೀರಂತೆ."

ಮೇಜರ್ ಕೈಯ ಸೌಟು ಗಾಳಿಯಲ್ಲೇ ನಿಂತಿತು.

"ಒಂದು ನಿಮಿಷಾನಾ?"

"ಒಂದೂವರೆ ಇದ್ರೂ ಇರಬಹುದು ಅಂದ್ರು."

ಅವರು ಹೊಳೆಯುವ ಪಾತ್ರೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಮೀಸೆಯ ಕೆಳಗೆ ಏನೋ ಅಲುಗಿತು.

"ನಿಮ್ಮಜ್ಜಿಗೆ ಹೇಳು ತಾಯಿ," ಎಂದರು, "ಇವತ್ತು ನಾನು ಪಾತ್ರೆ ಒಲೆ ಮೇಲಿಟ್ಟು ಗೇಟಿನ ತನಕ ಹೋಗಿ ಬರ್ತೀನಿ."