ನನ್ನ ಕಣಜಕ್ಕೆ ಬಂದ ಇಲಿ

ನಮ್ಮ ಕಣಜದಲ್ಲಿ ಇಲಿ ಕಂಡವರು ವಿಲಾರ್ ಊರಲ್ಲಿ ಇನ್ನೂ ಹುಟ್ಟಿಲ್ಲ ಎಂದು ನಾನು ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಯಾಕೆ ಕೊಚ್ಚಿಕೊಳ್ಳಬಾರದು? ಕಲ್ಲುಕಂಬಗಳ ಮೇಲೆ ನಿಂತ ಕಣಜ ಅದು. ಒಂದೊಂದು ಕಂಬದ ನೆತ್ತಿಗೂ ಅಗಲವಾದ ದುಂಡುಕಲ್ಲು. ಕಂಬ ಹತ್ತಿ ಬಂದ ಇಲಿ ಆ ಕಲ್ಲಿನ ಅಡಿಯಲ್ಲಿ ತಲೆಕೆಳಗಾಗಿ ನಡೆಯಲಾರದೆ ದೊಪ್ಪನೆ ನೆಲಕ್ಕೆ ಬೀಳಬೇಕು. ಗೋಡೆಗೆ ಮರದ ಪಟ್ಟಿಗಳು, ನಡುನಡುವೆ ಗಾಳಿಯಾಡುವಷ್ಟು ಸಂದು. ನಮ್ಮ ಗಲೀಸಿಯಾದ ಮಳೆ ಯಾರಪ್ಪನ ಮಾತನ್ನೂ ಕೇಳುವುದಿಲ್ಲ; ಆದರೂ ಒಳಗಿದ್ದ ಮೆಕ್ಕೆಜೋಳದ ತೆನೆಗೆ ಬೂಷ್ಟು ಹಿಡಿದದ್ದಿಲ್ಲ. ಬಾಗಿಲಿಗೆ ಮೆಟ್ಟಿಲಿಲ್ಲ. ಏಣಿ ಇಟ್ಟು ಹತ್ತಬೇಕು, ಇಳಿದ ಕೂಡಲೇ ಏಣಿಯನ್ನು ತೆಗೆದು ಕೊಟ್ಟಿಗೆಯ ಪಕ್ಕ ಮಲಗಿಸಬೇಕು. ಏಣಿ ಅಲ್ಲೇ ಬಿಟ್ಟರೆ ಇಲಿಯನ್ನು ಕೈಹಿಡಿದು ಒಳಗೆ ಕರೆದ ಹಾಗೆ. ಇದನ್ನು ಅಮ್ಮ ನನಗೂ ನನ್ನ ತಮ್ಮ ಅಮಾದೋರನಿಗೂ ಬೆನ್ನಿಗೆ ಗುದ್ದಿ ಕಲಿಸಿದ್ದಳು.

ಆ ಕಣಜದಲ್ಲಿ ನಮ್ಮ ಮನೆಯ ಜೋಳವಷ್ಟೇ ಇರಲಿಲ್ಲ. ಊರಿನ ಅರ್ಧಕ್ಕರ್ಧ ಮನೆಯವರು ತಮ್ಮ ಬಿತ್ತನೆಯ ತೆನೆಗಳನ್ನು ತಂದು ನಮ್ಮಲ್ಲಿ ತೂಗುಹಾಕುತ್ತಿದ್ದರು. ಅಮ್ಮನ ಕಾಲದಿಂದ ಬಂದ ರೂಢಿ ಅದು. ಯಾವ ಚಳಿಗಾಲ ಎಷ್ಟೇ ಕೆಟ್ಟದಾಗಿರಲಿ, ವಸಂತಕ್ಕೆ ಬೀಜ ಈ ಪಲ್ಮಿರಾಳ ಹತ್ತಿರ ಇದ್ದೇ ಇದೆ ಎಂಬ ಧೈರ್ಯದಲ್ಲಿ ಅವರು ನಿದ್ದೆ ಮಾಡುತ್ತಿದ್ದರು. ಮದುವೆಯಿಲ್ಲ, ಮಕ್ಕಳಿಲ್ಲ, ಬಾಯಿಯಂತೂ ಕತ್ತರಿ. ಇಂಥ ನನಗೆ ಚರ್ಚಿನ ಬೆಂಚಿನಲ್ಲಿ ಜನ ಸರಿದು ಜಾಗ ಕೊಡುತ್ತಿದ್ದರೆ ಅದು ಆ ಕಣಜದ ದೆಸೆಯಿಂದಲೇ. ಸುಳ್ಳು ಯಾಕೆ ಹೇಳಲಿ?

ಆ ಸಲ ಸುಗ್ಗಿಯ ಹೊತ್ತಿಗೆ ಒಂದು ಬೆಳಿಗ್ಗೆ ಕೋಳಿಗಳಿಗೆ ಕಾಳು ಹಾಕಲು ಅಂಗಳಕ್ಕೆ ಬಂದೆ, ನೋಡುತ್ತೇನೆ, ಏಣಿ ಕಣಜಕ್ಕೆ ಒರಗಿ ನಿಂತಿದೆ! ಕೈಯಲ್ಲಿದ್ದ ಬುಟ್ಟಿ ಬಿಸಾಕಿ ಮೇಲೆ ಹತ್ತಿದೆ. ಜಂತಿಯಲ್ಲಿ ನಮ್ಮ ಮನೆಯ ಕೆಂಪು ಜೋಳದ ತೆನೆಗಳು ಸಾಲಾಗಿ ತೂಗುತ್ತಿರುತ್ತವೆ, ಹೋದ ವರ್ಷದ್ದು, ಬಿತ್ತನೆಗೆಂದು ಎತ್ತಿಟ್ಟು ಮಿಕ್ಕದ್ದು. ಒಂದೊಂದನ್ನೂ ನಾನೇ ನೀಲಿ ಉಣ್ಣೆಯ ದಾರದಲ್ಲಿ ಕಟ್ಟಿದ್ದೆ. ಸಾಲಿನ ತುದಿಯಲ್ಲಿ ಬರೀ ದಾರ ನೇತಾಡುತ್ತಿತ್ತು, ತೆನೆ ಮಾಯ.

"ಇಲೀ!" ಎಂದು ಕಿರುಚಿದೆ. ಬೀದಿಗೆಲ್ಲ ಕೇಳಿಸಿರಬೇಕು, ನನ್ನ ಗಂಟಲು ಅಂಥದ್ದು.

ಅಮಾದೋರ ಅಡುಗೆಮನೆಯಲ್ಲಿ ಕಾಫಿಗೆ ರೊಟ್ಟಿ ಅದ್ದಿಕೊಂಡು ಕೂತಿದ್ದ. ಐವತ್ತು ದಾಟಿದ ಗಂಡಸು, ಮಾತಾಡು ಎಂದರೆ ಹಲ್ಲು ಕೀಳಿಸಿಕೊಳ್ಳುವವನ ಹಾಗೆ ಮುಖ ಮಾಡುತ್ತಾನೆ.

"ಲೋ, ಏಣಿ ಬಿಟ್ಟೋನು ಯಾರೋ?"

"ನಾನೇ ಇರ್ಬೇಕಕ್ಕ. ಹೆಂಚು ಸರಿದಿದ್ಯಾ ಅಂತ ನೋಡೋಕೆ ಹತ್ತಿದ್ದೆ."

"ಹೆಂಚು ನೋಡಿದೋನಿಗೆ ಏಣಿ ಕಾಣಿಸ್ಲಿಲ್ವಾ? ಕೆಂಪು ತೆನೆ ಇಲಿ ಪಾಲಾಯ್ತಲ್ಲೋ!"

"ಒಂದು ತೆನೆಗೆ ಇಷ್ಟು ರಂಪ ಯಾಕಕ್ಕ..." ಎಂದ. ಅವನ ಕಿವಿ ಕೆಂಪಾಯಿತು. ಮಾಡಿದ ತಪ್ಪಿಗೆ ನಾಚಿಕೊಂಡಿದ್ದಾನೆ ಎಂದುಕೊಂಡು ಇನ್ನೂ ನಾಲ್ಕು ಬೈದೆ.

ಆಮೇಲೆ ನಾನು ಮಾಡಿದ ಕೆಲಸ ನೋಡಿ, ನನ್ನ ಬುದ್ಧಿಗೆ ಏನು ಹೇಳಬೇಕು! ನಮ್ಮ ಮನೆಯಲ್ಲಿ ಬೆಕ್ಕಿರಲಿಲ್ಲ, ಬೇಕಾಗಿಯೇ ಇರಲಿಲ್ಲ. ಪಕ್ಕದ ಮನೆಯ ಕಾಸಿಲ್ದಾಳ ಹತ್ತಿರ ಹೋಗಿ ಬೆಕ್ಕು ಕೇಳಿದೆ. ಕಾಸಿಲ್ದಾ ಎಂದರೆ ನನ್ನ ಜೊತೆಯವಳು, ಮೊನ್ನೆ ಮೊನ್ನೆ ಸಿಮೆಂಟಿನ ಹೊಸ ಕಣಜ ಕಟ್ಟಿಸಿಕೊಂಡು ಅದರಲ್ಲಿ ಊರಿನ ಬೀಜವೆಲ್ಲ ತುಂಬಬೇಕೆಂದು ಕಾಯುತ್ತಿದ್ದವಳು.

"ಬೆಕ್ಕಾ? ನಿಂಗ್ಯಾಕೇ ಬೆಕ್ಕು?" ಎಂದು ಅವಳು ಕಣ್ಣರಳಿಸಿದಳು.

"ಸುಮ್ನೆ. ಜೊತೆಗೆ."

"ಜೊತೆಗಂತೆ! ತಮ್ಮನ ಜೊತೆ ಸಾಕಾಯ್ತಾ? ತಗೊಂಡೋಗು, ತಗೊಂಡೋಗು. ಮೀನಿನ ತಲೆ ಹಾಕ್ಬೇಕು ಅದಕ್ಕೆ, ಬರೀ ಸಾರನ್ನ ಮೂಸೂ ನೋಡಲ್ಲ."

ಸಂಜೆಯ ಹೊತ್ತಿಗೆ ಊರೆಲ್ಲ ಡಂಗುರ. ಪಲ್ಮಿರಾಳ ಕಣಜಕ್ಕೆ ಇಲಿ ಬಿದ್ದಿದೆಯಂತೆ, ಬೀಜವೆಲ್ಲ ಪುಡಿಯಂತೆ, ಇಲಿ ಮೊಲದಷ್ಟು ದಪ್ಪ ಇದೆಯಂತೆ.

ಆ ಬೆಕ್ಕೋ, ಕಣಜದಲ್ಲಿ ತೆನೆಗಳ ಮೇಲೆ ಮಹಾರಾಣಿಯ ಹಾಗೆ ಮಲಗಿ, ಮೀನಿನ ತಲೆ ತಿಂದು ದಪ್ಪಗಾಯಿತು. ನಾನು ನೆಲಕ್ಕೆ ಹಿಟ್ಟು ಚೆಲ್ಲಿ ಹೆಜ್ಜೆಗುರುತು ಹುಡುಕಿದೆ. ಬೆಕ್ಕಿನ ಹೆಜ್ಜೆ ಬಿಟ್ಟು ಬೇರೆ ಇಲ್ಲ. ಒಂದು ಹಿಕ್ಕೆ ಇಲ್ಲ, ಕಚ್ಚಿದ ಗುರುತಿಲ್ಲ. ಇಲಿ ತಿಂದಿದ್ದರೆ ದಿಂಡಾದರೂ ಉಳಿಯಬೇಡವೇ? ದಿಂಡೂ ಇಲ್ಲ. ಇದು ಯಾವ ಜಾತಿಯ ಇಲಿಯಪ್ಪಾ ಎಂದು ತಲೆ ಕೆರೆದುಕೊಂಡೆ.

ಭಾನುವಾರ ಪೂಜೆ ಮುಗಿಸಿ ಚರ್ಚಿನಿಂದ ಹೊರಗೆ ಬಂದಾಗ ಜನ ನನ್ನನ್ನು ಸುತ್ತುವರಿದರು. ಮಾತೆತ್ತಲು ಎಲ್ಲರಿಗೂ ಸಂಕೋಚ. ಕಾಸಿಲ್ದಾಗೆ ಮಾತ್ರ ಅಂಥದ್ದೇನೂ ಇರಲಿಲ್ಲ.

"ನೋಡೇ ಪಲ್ಮಿರಾ, ನಿನ್ನ ಮೇಲೆ ನಮಗೇನೂ ಬೇಜಾರಿಲ್ಲ. ಆದ್ರೆ ಬಿತ್ತನೆ ಬೀಜ ಆಟದ ವಸ್ತು ಅಲ್ವಲ್ಲ. ದೋಸಿಂದಾ ಮನೇಲಿ ತೆನೆ ಸುಲಿಯೋ ದಿನ ಎಲ್ರೂ ಸೇರ್ತೀವಿ. ಅಷ್ಟರೊಳಗೆ ಸರಿಯಾಗಿ ನೋಡಿ ಹೇಳ್ಬಿಡು. ಇಲಿ ಇಲ್ಲ ಅಂದ್ರೆ ಇಲ್ಲ. ಇದೆ ಅಂದ್ರೆ ಅವ್ರವ್ರ ಬೀಜ ಎತ್ಕೊಂಡು ನಮ್ಮ ಕಣಜಕ್ಕೆ ತಂದಿಡ್ತಾರೆ."

ಯಾರೂ ಇಲ್ಲ ಎನ್ನಲಿಲ್ಲ. ಮನೆಗೆ ಬಂದು ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ಅಮ್ಮ ಕೊಟ್ಟುಹೋದ ಒಂದೇ ಒಂದು ದೊಡ್ಡಸ್ತಿಕೆ ಅದು. ಅಮಾದೋರ ಬಾಗಿಲಲ್ಲಿ ನಿಂತು ಏನೋ ಹೇಳಲು ಬಾಯಿ ತೆರೆದ, ಮುಚ್ಚಿದ, ಟೋಪಿ ಹಾಕಿಕೊಂಡು ಹೊರಗೆ ಹೋದ.

ದೋಸಿಂದಾಳ ಬಗ್ಗೆ ಹೇಳಬೇಕು. ಅವಳ ಗಂಡ ಹಡಗಿನ ಕೆಲಸಕ್ಕೆ ಹೋಗಿ ಸಮುದ್ರದಲ್ಲಿ ಸತ್ತು ಬಹಳ ವರ್ಷವಾಗಿತ್ತು. ಒಬ್ಬಳೇ ಹೊಲ ಮಾಡಿಕೊಂಡು, ಹಸು ಕಟ್ಟಿಕೊಂಡು, ಬೆಟ್ಟದಾಚೆಗೂ ಕೇಳುವ ಹಾಗೆ ನಗುತ್ತಾ ಇದ್ದವಳು. ಅವಳ ಬೇಲಿ ಮುರಿದರೆ, ಹೊಗೆಗೂಡು ಕಟ್ಟಿಕೊಂಡರೆ, ನೇಗಿಲು ಕೈಕೊಟ್ಟರೆ ನಮ್ಮ ಅಮಾದೋರ ಹೋಗಿ ಸರಿಮಾಡಿ ಬರುತ್ತಿದ್ದ. ಒಂದು ಲೋಟ ವೈನು ಕುಡಿದು, ಒಂದು ಮಾತೂ ಆಡದೆ ಬರುತ್ತಿದ್ದ. ಬಾಯಿಬಿಟ್ಟು ಕೇಳೋ ಮಂಕೇ ಎಂದು ನಾನೇ ಎಷ್ಟು ಸಲ ತಿವಿದಿಲ್ಲ?

ತೆನೆ ಸುಲಿಯುವ ದಿನ ಮಧ್ಯಾಹ್ನವೇ ಅವಳ ಅಂಗಳ ತುಂಬಿತು. ನಡುವೆ ಹಸಿ ಸಿಪ್ಪೆಯ ತೆನೆಗಳ ರಾಶಿ, ಸುತ್ತ ನಾವು. ತಮಟೆ ಬಡಿಯುವವರು ಒಂದು ಕಡೆ, ಬೆಂದ ಹಂದಿಮಾಂಸದ ಘಮ ಇನ್ನೊಂದು ಕಡೆ. ಸುಲಿಯುವಾಗ ಯಾರಿಗಾದರೂ ಕೆಂಪು ತೆನೆ ಸಿಕ್ಕರೆ ಅವರು ಎದ್ದು ನಿಂತು ಅಲ್ಲಿರುವವರನ್ನೆಲ್ಲ ಒಂದು ಸುತ್ತು ಅಪ್ಪಿಕೊಳ್ಳಬೇಕು. ಯಾರೂ ಬೇಡ ಎನ್ನುವ ಹಾಗಿಲ್ಲ. ಯಾರಿಂದ ಶುರುಮಾಡುತ್ತಾರೆ ಎನ್ನುವುದರ ಮೇಲೇ ಎಲ್ಲರ ಕಣ್ಣು. ನಮ್ಮೂರಿನ ಎಷ್ಟೋ ಮದುವೆ ಕುದುರಿದ್ದು ಹಾಗೆಯೇ. ಆದರೆ ಅವತ್ತು ಎಷ್ಟು ಸುಲಿದರೂ ಹಳದಿಯೇ, ಎಲ್ಲವೂ ಒಂದೇ ಅಳತೆ, ಒಂದೇ ಬಣ್ಣ.

ಅಷ್ಟರಲ್ಲಿ ಅಮಾದೋರ ಎದ್ದುನಿಂತ. ಬಿಳಿಚಿಕೊಂಡಿದ್ದ. ಕೈಯಲ್ಲಿ ಕೆಂಪು ತೆನೆ.

"ಸಿಕ್ತು," ಎಂದ, ಯಾರಿಗೂ ಕೇಳಿಸದ ಹಾಗೆ.

ಅಂಗಳವೆಲ್ಲ ಹೋ ಎಂದು ಕೂಗಿತು. ಅವನು ದೋಸಿಂದಾಳ ಕಡೆ ತಿರುಗಿ ಒಂದು ಹೆಜ್ಜೆ ಇಟ್ಟ. ಪಕ್ಕದಲ್ಲಿದ್ದ ಕಾಸಿಲ್ದಾ ಆ ತೆನೆಯನ್ನು ಫಕ್ಕನೆ ಕಸಿದುಕೊಂಡು ಉಗುರಿನಿಂದ ಕುಟ್ಟಿದಳು.

"ಏಯ್, ತಡಿ! ಇದು ಟಣಟಣ ಅಂತಿದೆಯಲ್ಲೋ! ಸಿಪ್ಪೆ ಹಸಿ, ಕಾಳು ಒಣಕಲು. ಇದು ಹೋದ ವರ್ಷದ ತೆನೆ! ಏನೇ ಪಲ್ಮಿರಾ, ನಿನ್ನ ಕಣಜದಲ್ಲಿ ಹೋಗಿದ್ದು ಕೆಂಪು ತೆನೇನೇ ಅಲ್ವಾ? ನೋಡು, ಇದು ನಿಂದಾ?"

ತೆನೆ ನನ್ನ ಕೈಗೆ ಬಂತು. ಬುಡದಲ್ಲಿ ನೀಲಿ ಉಣ್ಣೆಯ ಒಂದೆಳೆ ಇನ್ನೂ ಅಂಟಿಕೊಂಡಿತ್ತು. ಕಳ್ಳ ನನ್ನ ಮಗನೇ, ಹಸಿ ಸಿಪ್ಪೆಯೊಳಗೆ ತೂರಿಸಿಕೊಂಡು ಬಂದಿದ್ದೀಯಾ ಎಂದು ಮೈಯೆಲ್ಲ ಉರಿಯಿತು. ಬೆಕ್ಕು, ಹಿಟ್ಟು, ಒಲೆಯ ಮುಂದೆ ಅತ್ತದ್ದು, ಎಲ್ಲ ನೆನಪಾಯಿತು. ಹೌದು, ಇದು ನನ್ನದೇ, ಕದ್ದವನು ಇಗೋ ಇಲ್ಲೇ ನಿಂತಿದ್ದಾನೆ, ನನ್ನ ಕಣಜದಲ್ಲಿ ಇಲಿ ಇಲ್ಲ, ಇರಲೂ ಇಲ್ಲ: ಇಷ್ಟು ಹೇಳಿದರೆ ಸಾಕಿತ್ತು. ನನ್ನ ಮಾನ ಉಳಿಯುತ್ತಿತ್ತು. ತಲೆಯೆತ್ತಿದೆ. ಅಮಾದೋರ ನನ್ನನ್ನೇ ನೋಡುತ್ತಿದ್ದ. ಚಿಕ್ಕವನಿದ್ದಾಗ ಹಾಲಿನ ಗಡಿಗೆ ಒಡೆದು ಅಮ್ಮನಿಗಿಂತ ಮೊದಲು ನನ್ನ ಮುಖ ನೋಡುತ್ತಿದ್ದನಲ್ಲ, ಹಾಗೆ. ಇವತ್ತು ಊರ ಮುಂದೆ ನಗೆಪಾಟಲಾದರೆ ಇವನು ಜನ್ಮದಲ್ಲಿ ಇನ್ನೊಂದು ಸಲ ಎದ್ದು ನಿಲ್ಲುವುದಿಲ್ಲ, ಅದು ನನಗೆ ಗೊತ್ತು.

ನೀಲಿ ಎಳೆಯನ್ನು ಹೆಬ್ಬೆರಳಿನಿಂದ ಉಜ್ಜಿ ತೆಗೆದೆ.

"ನಂದಲ್ಲ," ಎಂದೆ. "ದೋಸಿಂದಾಳ ಮೇಲಿನ ಹೊಲಕ್ಕೆ ಬಿಸಿಲು ಜಾಸ್ತಿ, ಗಿಡದಲ್ಲೇ ಒಣಗಿರುತ್ತೆ. ನನ್ನ ತೆನೆ ಇಲಿ ತಿಂದು ಹಾಕಿದೆ."

ತಮಟೆ ನಿಂತಿತು.

"ಹಾಗಾದ್ರೆ ನಿನ್ನ ಕಣಜದಲ್ಲಿ ಇಲಿ ಇದೆ?" ಎಂದು ಕಾಸಿಲ್ದಾ ಬಿಡಿಸಿ ಬಿಡಿಸಿ ಕೇಳಿದಳು.

"ಇದೆ," ಎಂದೆ. "ಅವ್ರವ್ರ ಬೀಜ ನಾಳೆ ಬಂದು ತಗೊಂಡೋಗಿ."

ಆಗ ದೋಸಿಂದಾ ಮಡಿಲಿನ ಸಿಪ್ಪೆ ಕೊಡವಿ ಎದ್ದಳು. ನನ್ನ ಕೈಯಿಂದ ತೆನೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಅವಳಿಗೆ ನಗು ಬಂತು ನೋಡಿ, ಅಬ್ಬಾ, ಕೋಳಿಗಳು ಹೆದರಿ ಓಡಿದವು.

"ಪಲ್ಮಿರಕ್ಕ, ನಿಂಗೆ ಸುಳ್ಳು ಹೇಳೋಕೆ ಬರಲ್ಲ ಬಿಡು. ಈ ವರ್ಷ ನಾನು ಬಿತ್ತಿದ್ದು ಪೇಟೆ ಅಂಗಡಿಯ ಹೊಸ ಬೀಜ. ರಾಶಿ ಪೂರ್ತಿ ಸುಲಿದ್ರೂ ಅದ್ರಲ್ಲಿ ಒಂದು ಕೆಂಪು ಕಾಳು ಸಿಗಲ್ಲ. ಈಗ ಊರಲ್ಲಿ ಕೆಂಪು ಜೋಳ ಉಳಿದಿರೋದು ನಿಮ್ಮ ಮನೇಲಿ ಮಾತ್ರ."

ಅಮಾದೋರ ಬಗ್ಗಿ ಟೋಪಿ ಹುಡುಕತೊಡಗಿದ, ಓಡಿಹೋಗಲಿಕ್ಕೆ.

"ನೀನೆಲ್ಲಿಗೆ?" ಎಂದು ಅವಳು ಅವನ ತೋಳು ಹಿಡಿದಳು. "ಎಲ್ರೂ ಕೇಳಿ. ಪಲ್ಮಿರಕ್ಕನ ಕಣಜದಲ್ಲಿ ಇಲಿ ಇಲ್ಲ. ಇದ್ದ ಒಂದು ಇಲಿ ಇಲ್ಲಿದೆ, ಇನ್ಮೇಲೆ ಇದನ್ನ ನಾನು ಇಟ್ಕೊಳ್ತೀನಿ. ನಮ್ಮ ಮನೆ ಬೀಜ ಅವ್ಳ ಕಣಜದಲ್ಲೇ ಇರುತ್ತೆ. ನಿಮ್ಮದು ನಿಮ್ಮಿಷ್ಟ." ಆಮೇಲೆ ಅವನ ಕಡೆ ತಿರುಗಿ, "ಎಷ್ಟು ವರ್ಷ ಬೇಲಿ ಕಟ್ತಾ ಕೂತಿದ್ಯೋ ಮಾರಾಯ! ನಂಗೋಸ್ಕರ ಅಕ್ಕನ ಕಣಜಕ್ಕೇ ಕನ್ನ ಹಾಕಿದ್ಯಲ್ಲ. ತೆನೆ ಸಿಕ್ಕಿದೆ ತಾನೆ? ಕಂಬದ ಥರ ನಿಂತ್ಕೊಂಡ್ರೆ ಆಯ್ತಾ?" ಎಂದಳು.

ಅಂಗಳದಲ್ಲಿ ಎದ್ದ ಗದ್ದಲದಲ್ಲಿ ಅವನು ಅಪ್ಪಿಕೊಂಡನೋ, ಅವಳೇ ಅಪ್ಪಿಕೊಂಡಳೋ ನನಗೆ ಕಾಣಿಸಲಿಲ್ಲ. ನನ್ನ ಕಣ್ಣು ಮಂಜಾಗಿತ್ತು. ಖುಷಿಗೆ ಕಣ್ಣೀರು ಬರುತ್ತದೆ ಎಂದು ಯಾರಾದರೂ ಹೇಳಿದರೆ ಅಲ್ಲಿಯವರೆಗೆ ಮೂಗು ಮುರಿಯುತ್ತಿದ್ದವಳು ನಾನು. ಊರಿನವರು ಒಬ್ಬೊಬ್ಬರೇ ಬಂದು ಬೀಜ ಅಲ್ಲೇ ಇರಲಿ ಅಕ್ಕ, ಅಲ್ಲೇ ಇರಲಿ ಎಂದು ಹೇಳಿ ಹೋದರು. ಕಾಸಿಲ್ದಾ ಮುಖ ಹುಳಿಹುಳಿ ಮಾಡಿಕೊಂಡು, "ನನ್ನ ಬೆಕ್ಕು ವಾಪಸ್ ಕೊಡೇ," ಎಂದಳು.

"ತಗೊಂಡೋಗು ತಾಯಿ. ಬಾಗಿಲಲ್ಲಿ ಹಿಡಿಸಿದ್ರೆ ನಿನ್ನ ಪುಣ್ಯ," ಎಂದೆ.

ಅಮಾದೋರ ಸುತ್ತು ಹೊರಟ. ಪದ್ಧತಿ ಎಂದರೆ ಪದ್ಧತಿ, ಎಲ್ಲರನ್ನೂ ಅಪ್ಪಿಕೊಳ್ಳಲೇಬೇಕು. ಕಾಸಿಲ್ದಾಳನ್ನೂ ಅಪ್ಪಿಕೊಂಡ, ಅವಳು ಬೇಡಬೇಡ ಎನ್ನುತ್ತಲೇ ಕೂದಲು ಸರಿಮಾಡಿಕೊಂಡು ಮುಂದೆ ಬಂದಿದ್ದಳು. ಕೊನೆಗೆ ನನ್ನ ಹತ್ತಿರ ಬಂದ. ಅಮ್ಮನನ್ನು ಮಣ್ಣು ಮಾಡಿದ ದಿನ ಅವನು ನನ್ನನ್ನು ಅಪ್ಪಿಕೊಂಡದ್ದು, ಆಮೇಲೆ ಇವತ್ತೇ. ಮೈಯೆಲ್ಲ ಜೋಳದ ಸಿಪ್ಪೆಯ ವಾಸನೆ.

"ಅಕ್ಕ," ಎಂದು ಕಿವಿಯಲ್ಲಿ ಹೇಳಿದ, "ತೆನೆ ಕೈಗೆ ಬಂದ ಖುಷಿಗೆ ಏಣಿ ತೆಗೆಯೋದು ಮರ್ತೇ ಹೋಯ್ತು."

"ಗೊತ್ತು ಕಣೋ ಮಂಕೇ," ಎಂದೆ. "ಅವ್ಳ ಮನೇಲಿ ಮರೀಬೇಡ."