ಗೋಪಿನಾಥರು ಹುಡುಗಿ ನೋಡಿದ್ದು

ನಮ್ಮ ಯಜಮಾನರು ಗೋಪಿನಾಥರಿಗೆ ಯಾರನ್ನು ಕಂಡರೂ ಮೊದಲು ಕಾಣುವುದು ಕಾಲು. ಓದಲೆಂದು ಅಮೆರಿಕಕ್ಕೆ ಹೋದಾಗ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎದುರಾಳಿಯನ್ನು ಕೆಡವಿ ಹಾಕುವ ಅಲ್ಲಿನ ಫುಟ್‌ಬಾಲಿನ ಹುಚ್ಚು ಹಿಡಿಯಿತು. ಐವತ್ತು ಕೆಜಿಯ ಆಸಾಮಿಯನ್ನು ಆಡಿಸುವವರುಂಟೇ? ಬೇರೆ ತಂಡಗಳ ಆಟ ನೋಡಿ ಬರೆದುಕೊಂಡು ಬಾ ಎಂದು ಕೋಚ್ ಅಟ್ಟಿದರು. ಹಾಗೆ ಸ್ಕೌಟ್ ಆದರು. ಸಿಂಗಪುರಕ್ಕೆ ಬಂದ ಮೇಲೆ ಬ್ಯಾಂಕ್ ಕೆಲಸದ ಜೊತೆಗೆ ಹದಿನೆಂಟು ವರ್ಷದಿಂದ ಹೆಣ್ಣುಮಕ್ಕಳ ತಂಡಕ್ಕೆ ತಾವೇ ಕೋಚ್. ಇಲ್ಲಿ ಆಡುವುದು ಆ ಆಟದ ಸಾಧು ರೂಪ: ಎದುರಾಳಿಯನ್ನು ಕೆಡವುವಂತಿಲ್ಲ, ಸೊಂಟಕ್ಕೆ ಸಿಕ್ಕಿಸಿದ ಪಟ್ಟಿಯನ್ನು ಕಿತ್ತರೆ ಸಾಕು.

ಈ ಸಲ ತಂಡದ ಐವರಲ್ಲಿ ಒಬ್ಬಳು ಬೆಂಗಳೂರಿಗೆ ಶಿಫ್ಟ್ ಆದಳು. ಭಾನುವಾರ ಸಂಜೆಯೊಳಗೆ ಐದನೆಯ ಹೆಸರು ಕೊಡದಿದ್ದರೆ ತಂಡವೇ ಲೀಗಿನಿಂದ ಹೊರಗೆ. ಮನುಷ್ಯ ಊಟ ಬಿಟ್ಟರು. ನನಗೆ ರೇಗಿತು, ಪಾಪ ಎಂದೂ ಅನ್ನಿಸಿತು.

ಅದೇ ಭಾನುವಾರ ಪಾಸಿರ್ ರಿಸ್ ಪಾರ್ಕಿನಲ್ಲಿ ಕನ್ನಡದವರ ಪಿಕ್ನಿಕ್. ಬಿಸಿಬೇಳೆಬಾತಿನ ಸಾಲಿನಲ್ಲಿ ನಿಂತಿದ್ದಾಗ ಮಕ್ಕಳ ಗುಂಪೊಂದು ನುಗ್ಗಿ ಬಂತು. ಎರಡು ಕೈಯಲ್ಲೂ ತಟ್ಟೆ ಹಿಡಿದಿದ್ದ ಹುಡುಗಿಯೊಬ್ಬಳು ಎಡಕ್ಕೆ ವಾಲಿ, ಬಲಕ್ಕೆ ಜಾರಿ, ಗಿರ್ರನೆ ತಿರುಗಿ ತಪ್ಪಿಸಿಕೊಂಡಳು. ಒಂದು ಬೂಂದಿ ಕಾಳೂ ಕೆಳಗೆ ಬೀಳಲಿಲ್ಲ.

ನಮ್ಮವರು ನೇರ ಅವಳ ತಾಯಿ ಸತ್ಯವತಿಯವರ ಮುಂದೆ ಹೋಗಿ ನಿಂತರು.

“ನಿಮ್ಮ ಮಗಳಾ? ಏಜ್ ಎಷ್ಟು? ಹೈಟ್?”

“ಟ್ವೆಂಟಿ ಏಯ್ಟ್. ಐದೂವರೆ ಅಡಿ. ನಿಶ್ಚಿತಾ ಅಂತ.” ಸತ್ಯವತಿಯವರ ಮುಖ ಅರಳಿತು. “ಸೆರಂಗೂನ್‌ನಲ್ಲೇ ಇದೀವಿ. ಐಟಿಲಿ ವರ್ಕ್ ಮಾಡ್ತಾಳೆ, ಇಲ್ಲೇ ನೆಲೆಸೋಕೆ ಪಿಆರ್ ಕೂಡ ಸಿಕ್ಕಿದೆ.”

“ಬೇರೆಲ್ಲೂ ಕಮಿಟ್ ಆಗಿಲ್ಲ ತಾನೆ? ನಮಗೆ ಇವತ್ತೇ ಫೈನಲ್ ಆಗ್ಬೇಕು.”

ಆಕೆ ನಂಬರ್ ಕೇಳಿ, ಮಗಳ ಜಾತಕವನ್ನು ನಮ್ಮವರ ಫೋನಿಗೆ ಕಳಿಸಿಯೇಬಿಟ್ಟರು.

“ಇದೆಲ್ಲ ಬೇಡ,” ಎಂದರು ಇವರು. “ಒಂದ್ಸಲ ಆ ಮರದ ತನಕ ಓಡಿ ತೋರಿಸ್ಲಿ, ಸಾಕು.”

“ಓಡೋದಾ? ಹುಡುಗ ಯಾರು ಅಂತಾನೇ ಹೇಳ್ಲಿಲ್ಲ ನೀವು.”

“ಯಾವ ಹುಡುಗ? ನನ್ನ ಟೀಮಲ್ಲಿ ಇರೋರೆಲ್ಲ ಹುಡುಗೀರು.”

ನಾನೇ ನಡುವೆ ಬಂದು ಎಲ್ಲ ಬಿಡಿಸಿ ಹೇಳಿದೆ. ಸತ್ಯವತಿಯವರ ಮುಖ ಸಪ್ಪಗಾಯಿತು. ಇನ್ನು ಬೈಗುಳ ಖಾತ್ರಿ ಎಂದುಕೊಳ್ಳುವಷ್ಟರಲ್ಲಿ ನಿಶ್ಚಿತಾ ತಟ್ಟೆಗಳನ್ನು ನನ್ನ ಕೈಗೆ ಕೊಟ್ಟು ಚಪ್ಪಲಿ ಬಿಟ್ಟಳು.

“ಇಲ್ಲೀವರೆಗೂ ಆರು ಜನ ನೋಡ್ಕೊಂಡು ಹೋಗಿದಾರೆ ಅಂಕಲ್,” ಎಂದಳು. “ಎಲ್ರೂ ಕೂತ್ಕೋಮ್ಮ ಅಂದ್ರು. ಓಡು ಅಂದೋರು ನೀವೊಬ್ರೇ.”

ಅವಳು ಮರ ಮುಟ್ಟುವ ಮೊದಲೇ ಇವರು ಲೀಗಿಗೆ ಹೆಸರು ಕಳಿಸಿಯಾಗಿತ್ತು. ಅವಳೋ ಮರದ ಹತ್ತಿರ ನಿಲ್ಲದೆ ಸಮುದ್ರದ ದಂಡೆಯವರೆಗೂ ಓಡಿದಳು.

“ಸ್ಕೂಲಲ್ಲೂ ಇವಳನ್ನ ಹಿಡಿಯೋಕೆ ಯಾರಿಗೂ ಆಗ್ತಿರ್ಲಿಲ್ಲ,” ಎಂದರು ಸತ್ಯವತಿ, ಕತ್ತು ಎತ್ತಿ ಅವಳನ್ನೇ ನೋಡುತ್ತಾ.