ಎರಡನೇ ಸೈರನ್

ಅಣೆಕಟ್ಟಿನ ಸೈರನ್ ಒತ್ತುವ ಕೆಲಸ ನನ್ನದು, ಹದಿನಾರು ವರ್ಷದಿಂದ. ಕರೆಂಟು ತಯಾರಿಸಲು ಸಂಜೆ ನೀರು ಬಿಡುವ ಮುಂಚೆ ಹತ್ತು ಹತ್ತು ನಿಮಿಷ ಬಿಟ್ಟು ಮೂರು ಸಲ ಒತ್ತಬೇಕು. ಕೆಳಗೆ ಹೊಳೆಯಲ್ಲಿ ಬಟ್ಟೆ ಒಗೆಯುವವರಿಗೆ, ಮೀನು ಹಿಡಿಯುವವರಿಗೆ ಇದು ಬಾಯಿಪಾಠ. ಮೊದಲನೆಯದಕ್ಕೆ ಕೈಕೆಲಸ ಮುಗಿಸು, ಎರಡನೆಯದಕ್ಕೆ ದಡ ಹತ್ತು, ಮೂರನೆಯದಕ್ಕೆ ನೀರು ಬಂತು.

ಹೋದ ವರ್ಷ ಜಲಾಶಯದ ದಂಡೆಯಲ್ಲಿ ಒಂದು ರೆಸಾರ್ಟ್ ಎದ್ದಿತು. ದೋಣಿ ವಿಹಾರ ಮುಗಿಸಿ, ಉಂಡು ಮಲಗಿದ ಅತಿಥಿಗಳಿಗೆ ಸೈರನ್ನಿನಿಂದ ನಿದ್ದೆ ಕೆಡುತ್ತದಂತೆ. ಪಾಪ! ಮ್ಯಾನೇಜರ್ ದೂರು ಕೊಟ್ಟ. ಅವನ ದೋಣಿಯಲ್ಲಿ ಪುಕ್ಕಟೆ ಸುತ್ತುವ ನಮ್ಮ ಎಂಜಿನಿಯರ್ ಸಾಹೇಬರು ಸೋಮವಾರ ನನ್ನನ್ನು ಕರೆಸಿ, ನಾಳೆಯಿಂದ ಒಂದೇ ಸಲ ಸಾಕು ಎಂದರು. ಕೆಳಗಿನ ಜನಕ್ಕೆ ಯಾರು ಹೇಳುತ್ತಾರೆ ಎಂದು ಕೇಳಿದೆ. ನೋಟಿಸು ಹಾಕಿಸಿದ್ದೇವೆ ಎಂದರು. ಹಾಕಿಸಿದ್ದು ಎಲ್ಲಿ? ರೆಸಾರ್ಟಿನ ಬಾಗಿಲಲ್ಲಿ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಆ ಅತಿಥಿಗಳು ಹಾಸಿ ಮಲಗುವ ಬೆಡ್‌ಶೀಟುಗಳನ್ನು ಹೊಳೆ ನಡುವಿನ ಬಂಡೆಯ ಮೇಲೆ ಒಗೆಯುವವಳು ನನ್ನ ಅಕ್ಕ. ನನ್ನ ಊಟವೂ ಅವಳ ಮನೆಯಲ್ಲೇ. ಅಂದು ಸಿಟ್ಟು ನೆತ್ತಿಗೇರಿತ್ತು. ಮುಖ ಯಾಕೆ ಹೀಗಿದೆ ಎಂದು ಅವಳು ಕೇಳಿದರೆ, ತಲೆ ತಿನ್ನಬೇಡ ಎಂದು ರೇಗಿ ಅರ್ಧಕ್ಕೇ ಎದ್ದು ಕೈ ತೊಳೆದೆ.

ಮಂಗಳವಾರ ಒಂದೇ ಸಲ ಒತ್ತಿದೆ. ಹತ್ತು ನಿಮಿಷಕ್ಕೆ ನೀರು ಬಿಟ್ಟರು. ಅರ್ಧ ಮೈಲಿ ಕೊಚ್ಚಿಹೋದ ಅಕ್ಕನನ್ನು ಮೀನಿನವರು ದಡಕ್ಕೆ ಎಳೆದು ಹಾಕಿದರು. ಜೀವ ಉಳಿಯಿತು, ಬಲಗಾಲು ಎರಡು ಕಡೆ ಮುರಿದಿತ್ತು.

ಬುಧವಾರ ಬೆಳಿಗ್ಗೆ ಸಾಹೇಬರು ಲಾಗ್ ಪುಸ್ತಕ ನನ್ನ ಮುಂದಿಟ್ಟು, ಮೂರು ಸಲ ಎಂದು ಬರಿ ಎಂದರು. 'ಒಂದು ಸಲ, ಸಾಹೇಬರ ಅಪ್ಪಣೆಯಂತೆ' ಎಂದು ದಪ್ಪಕ್ಷರದಲ್ಲಿ ಬರೆದೆ. ಕೆಲಸ ಹೋಗುತ್ತದೆ ಎಂದು ಹೆದರಿಸಿದರು. ಈ ಹಾಳು ಕೆಲಸ ಯಾರಿಗೆ ಬೇಕು ಎಂದು ಅವರ ಮುಖಕ್ಕೇ ಹೇಳಿ ಹೊರಬಿದ್ದೆ. ಎದೆ ಉಬ್ಬಿತ್ತು, ಸುಳ್ಳೇಕೆ ಹೇಳಲಿ.

ಹಾಗೇ ಆಸ್ಪತ್ರೆಗೆ ಹೋದೆ. ಅಕ್ಕನ ಮಂಚದ ಪಕ್ಕ ಕೂತು ಸೋಮವಾರದಿಂದ ಶುರು ಮಾಡಿ ಎಲ್ಲ ಹೇಳಿದೆ. ಮ್ಯಾನೇಜರನಿಗೂ ಸಾಹೇಬರಿಗೂ ಬಾಯಿಗೆ ಬಂದಂತೆ ಬೈದೆ.

"ಮೊದಲನೇದು ಕೇಳಿಸ್ತು ಕಣೋ," ಎಂದಳು. "ಎರಡನೇದು ಕೂಗ್ಲಿ, ಎದ್ರಾಯ್ತು ಅಂತ ಇನ್ನೊಂದು ಬೆಡ್‌ಶೀಟು ಹಿಂಡ್ತಾ ಇದ್ದೆ. ಒತ್ತೋನು ನನ್ನ ತಮ್ಮ ತಾನೇ, ಮರೀತಾನಾ ಅಂದ್ಕೊಂಡೆ."

ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು.

"ಸೋಮವಾರ ನನ್ನ ಮನೇಲಿ ಊಟಕ್ಕೆ ಕೂತಾಗ್ಲೇ ನಿಂಗೆ ಗೊತ್ತಿತ್ತಾ?"